ನೆಲದ ಗಾಳಿ ಕೇಳಿ ಕಟ್ಟಿದ ಅಟ್ಟಣೆ

ಹ್ಯಾಂಬರ್ಗ್ ದಾಟಿ

ಜಗಳೂರಿನವರಿಗೆ ಗಾಳಿಯ ಬಗ್ಗೆ ಪಾಠ ಹೇಳಲು ಹೋಗಬಾರದು. ಆಷಾಢ ಬಂತೆಂದರೆ ನಮ್ಮ ಕಡೆ ಹಗ್ಗದ ಮೇಲೆ ಒಣಹಾಕಿದ ಪಂಚೆ ಪಕ್ಕದ ಕೇರಿಯಲ್ಲಿ ಸಿಗುತ್ತದೆ. ಆ ಗಾಳಿಯಿಂದಲೇ ನನಗೆ ಅನ್ನ ಹುಟ್ಟಿದ್ದು. ಊರಿನ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ರಿಪೇರಿ ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಆ ಕಂಬಗಳನ್ನು ಹತ್ತಿ ಇಳಿದಿದ್ದೇನೆ. ಹಾಗಾಗಿ ಕಂಪನಿಯವರು ಎರಡು ವಾರದ ತರಬೇತಿಗೆ ಜರ್ಮನಿಗೆ ಹೋಗಿ ಬಾ ಎಂದಾಗ, ಗಾಳಿಯ ವಿಷಯದಲ್ಲಿ ಅವರಿಂದ ನಾನು ಕಲಿಯುವುದೇನಿದೆ ಎಂಬ ಸಣ್ಣ ಜಂಬ ನನ್ನಲ್ಲಿತ್ತು. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಈಗ ಹೇಳುತ್ತೇನೆ.

ಜೊತೆಗೆ ಬಂದವನು ಹಾಲೇಶ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯವನು, ನನ್ನ ಹಾಗೆಯೇ ಕಂಬ ಹತ್ತುವವನು, ನನಗಿಂತ ಆರು ವರ್ಷ ಚಿಕ್ಕವನು. ಎಲೆ ಸುಣ್ಣ ಇಲ್ಲದಿದ್ದರೂ ನಡೆದೀತು, ಬಾಯಲ್ಲಿ ಅಡಿಕೆ ಚೂರು ಇಲ್ಲದಿದ್ದರೆ ಅವನಿಗೆ ಮಾತೇ ಹೊರಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಅವನ ಅಡಿಕೆ ಪೊಟ್ಟಣವನ್ನು ಅಧಿಕಾರಿಯೊಬ್ಬ ದೀಪದ ಕೆಳಗೆ ಹಿಡಿದು, ತಿರುಗಿಸಿ, ಮೂಸಿ, ಇನ್ನೊಬ್ಬನಿಗೆ ತೋರಿಸಿ, ಕೊನೆಗೆ ಬೇಸರದಿಂದ ವಾಪಸ್ಸು ಕೊಟ್ಟ. ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಒಂದು ವಿಭೂತಿ ಗಟ್ಟಿ ಇದ್ದವು. ವಿಭೂತಿಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಅಲ್ಲಿ ಏನ್ ತಿಂತಾರೋ ಏನೋ. ಉಪಾಸ ಇದ್ರೂ ಅಡ್ಡಿಯಿಲ್ಲ, ಒಂದು ಜೀವದ ಪಾಪ ಕಟ್ಕೊಂಡು ಬರಬ್ಯಾಡ ಕೊಟ್ರೇಶ" ಎಂದು ಅವ್ವ ಹೊರಡುವಾಗ ಹೇಳಿದ್ದಳು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಡೆದವರಿಲ್ಲ. ಸರಿ ಎಂದು ತಲೆಯಾಡಿಸಿದ್ದೆ.

ಹ್ಯಾಂಬರ್ಗಿನಿಂದ ನಾವು ಉಳಿದುಕೊಳ್ಳಬೇಕಾದ ಹಳ್ಳಿಗೆ ರೈಲು ಹತ್ತಿದೆವು. ಆ ದೇಶದ ಕೆಲವು ರೈಲುಗಳು ನಡುದಾರಿಯಲ್ಲಿ ಎರಡು ತುಂಡಾಗುತ್ತವೆ. ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ. ಅದನ್ನು ಧ್ವನಿವರ್ಧಕದಲ್ಲಿ ಹೇಳುತ್ತಲೇ ಇದ್ದರಂತೆ. ನಾವು ಹೊನ್ನಾಳಿ ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತೆಂದು ಖುಷಿಯಾಗಿ ಹಿಂದಿನ ಅರ್ಧದಲ್ಲಿ ಕೂತಿದ್ದೆವು. ಬೇರೆಲ್ಲೋ ಹೋಗಿ, ತಿರುಗಿ ಇಳಿಯಬೇಕಾದ ಊರಿಗೆ ಬಂದಾಗ ಒಂದೂವರೆ ಗಂಟೆ ತಡವಾಗಿತ್ತು. ಆ ಚಳಿಯಲ್ಲಿ, ಒಬ್ಬರೂ ಇಲ್ಲದ ಪ್ಲಾಟ್‌ಫಾರ್ಮಿನ ಮೇಲೆ, ಹಸಿರು ಟೋಪಿ ಹಾಕಿ ಕೋಲೂರಿಕೊಂಡು ಒಬ್ಬ ಅಜ್ಜಿ ನಿಂತಿದ್ದಳು.

ಹೆಸರು ಇಂಗ್ರಿಡ್. ವಯಸ್ಸು ಎಪ್ಪತ್ತನಾಲ್ಕು. ಆಕೆಯ ಮನೆಯ ಮಹಡಿಯಲ್ಲಿಯೇ ಕಂಪನಿಯವರು ನಮಗೆ ಎರಡು ಕೋಣೆ ಹಿಡಿದಿದ್ದರು. ಆಕೆಯ ಇಂಗ್ಲಿಷೂ ನಮ್ಮ ಇಂಗ್ಲಿಷೂ ಒಂದೇ ತರಗತಿಯವಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಮೊದಲ ಮಾತಿನಲ್ಲೇ ಹಾಲೇಶ ಆಕೆಯನ್ನು ಇಂಗ್ರಿಡಮ್ಮ ಎಂದು ಕರೆದ. ಆಕೆಗೆ ಅದು ಹಿಡಿಸಿತು.

ಕಾರಿನಲ್ಲಿ ಹೋಗುವಾಗ ಹೊಲಗಳ ಅಂಚಿನಲ್ಲಿ, ಕಾಡು ಶುರುವಾಗುವ ಕಡೆಯಲ್ಲೆಲ್ಲ ಮರದ ಏಣಿಗಳು ಕಂಡವು. ಏಣಿಯ ತುದಿಗೆ ಒಂದು ಪುಟ್ಟ ಆಸನ, ಕೆಲವಕ್ಕೆ ತಲೆಯ ಮೇಲೊಂದು ಮಾಡು. ನೋಡಿದರೆ ನಮ್ಮ ಜೋಳದ ಹೊಲದ ಅಟ್ಟಣೆಯೇ.

"ಇಲ್ಲೂ ಹಂದಿ ಕಾಟ ಐತೇನ್ರಿ ಕೊಟ್ರೇಶಣ್ಣ? ನಮ್ಮೂರಾಗೂ ಮೆಕ್ಕೆಜೋಳ ಕಾಯಾಕೆ ಹಿಂಗೇ ಕಟ್ತಾರೆ" ಎಂದ ಹಾಲೇಶ.

ನಾನು ಅದನ್ನು ಆಕೆಗೆ ಹೇಳಿದೆ. ನಮ್ಮ ಕಡೆ ಅಟ್ಟಣೆ ಹತ್ತಿ ತಗಡಿನ ಡಬ್ಬ ಬಡಿಯುತ್ತೇವೆ, ಕೂಗುತ್ತೇವೆ, ಕವಣೆ ಬೀಸುತ್ತೇವೆ, ಪ್ರಾಣಿ ಹಕ್ಕಿ ಓಡಿಹೋಗುತ್ತವೆ ಎಂದೆ. ಇಂಗ್ರಿಡಮ್ಮ ಸ್ಟಿಯರಿಂಗ್ ಹಿಡಿದುಕೊಂಡೇ ನಕ್ಕಳು.

"ನಾವು ಅದರ ಮೇಲೆ ಉಸಿರು ಕೂಡ ಜೋರಾಗಿ ಬಿಡುವುದಿಲ್ಲ. ಜಿಂಕೆ ಹತ್ತಿರ ಬರಬೇಕು. ಬಂದರೆ ನಾನು ಗುಂಡು ಹಾರಿಸುತ್ತೇನೆ."

ಅವ್ವ ಹೇಳಿ ಕಳಿಸಿದ ಮಾತಿಗೆ ಇನ್ನೂ ಎರಡು ದಿನ ಆಗಿರಲಿಲ್ಲ.

ಇಂಗ್ರಿಡಮ್ಮನ ಕಿಟಕಿಗಳು

ಆ ಜನಕ್ಕೆ ಮನೆಯ ಗಾಳಿ ಹಳತಾಗುತ್ತದೆಂಬ ನಂಬಿಕೆ ಬಲವಾಗಿದೆ. ಬೆಳಿಗ್ಗೆ ಆರೂವರೆಗೆ ಇಂಗ್ರಿಡಮ್ಮ ಕೋಲು ಕುಟ್ಟಿಕೊಂಡು ಬಂದು ಮನೆಯ ಎಲ್ಲ ಕಿಟಕಿಗಳನ್ನೂ ಹಾರುಹೊಡೆಯುತ್ತಿದ್ದಳು. ಹೊರಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರುತ್ತಿತ್ತು. ಹತ್ತು ನಿಮಿಷ ನಾವು ಕಂಬಳಿಯೊಳಗೆ ಸೇರಿಕೊಂಡು ಶಿವ ಶಿವ ಎನ್ನುತ್ತಿದ್ದೆವು. ಜಗಳೂರಿನಲ್ಲಿ ಕಿಟಕಿಯ ಸಂದಿಗೆ ಹಳೆ ಬಟ್ಟೆ ತುರುಕಿ ಗಾಳಿಯನ್ನು ಹೊರಗಿಡುವುದೇ ಒಂದು ಸಂಸಾರ. ಇಲ್ಲಿ ಅದಕ್ಕೆ ಬಾಗಿಲು ತೆರೆದು ಕುರ್ಚಿ ಹಾಕುತ್ತಾರೆ.

ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದರಿಂದ ಆಕೆ ಮೂರು ಬಗೆಯ ಆಲೂಗಡ್ಡೆ ಮಾಡಿದ್ದಳು. ನಿಜಕ್ಕೂ ತಿನ್ನದವನು ನಾನೊಬ್ಬನೇ. ಹಾಲೇಶ ಊರಲ್ಲಿ ಭಾನುವಾರ ತಪ್ಪಿಸುವವನಲ್ಲ, ಆದರೆ ನನ್ನ ಜೊತೆ ನಾಚಿಕೊಂಡು ಅವನೂ ತಲೆಯಾಡಿಸಿ ಸಿಕ್ಕಿಬಿದ್ದಿದ್ದ.

ಮೂರನೆಯ ದಿನ ಶನಿವಾರ, ತರಬೇತಿಗೆ ರಜೆ. ಅಡುಗೆಮನೆಯ ಮೇಜಿನ ಮೇಲೆ ಇಂಗ್ರಿಡಮ್ಮ ಒಂದು ನಕ್ಷೆ ಹರಡಿ ತನ್ನ ಕಷ್ಟ ಹೇಳಿಕೊಂಡಳು.

ಊರಿನ ಆಚೆಗಿನ ದಿಬ್ಬದ ಮೇಲೆ ಆಕೆಯೂ ಗಂಡನೂ ನಲವತ್ತು ವರ್ಷ ಬೇಟೆಯ ಹಕ್ಕು ಇಟ್ಟುಕೊಂಡವರು. ಜಮೀನು ಊರವರದು. ಅಲ್ಲಿ ಯಾವಾಗ, ಎಷ್ಟು ಜಿಂಕೆ ಹೊಡೆಯಬೇಕೆಂಬುದಕ್ಕೂ ಲೆಕ್ಕವಿದೆ. ಹೆಚ್ಚು ಹೊಡೆದರೆ ತಪ್ಪು, ಕಡಿಮೆ ಹೊಡೆದರೂ ತಪ್ಪು. ಗಂಡ ತೀರಿಹೋಗಿ ಎರಡು ವರ್ಷ. ಅದೇ ಹೊತ್ತಿಗೆ ದಿಬ್ಬದ ಮೇಲಿನ ಎತ್ತರದ ಮರಗಳೆಲ್ಲ ಒಂದು ಬಗೆಯ ಹುಳು ಬಿದ್ದು ಒಣಗಿದ್ದರಿಂದ ಕಡಿದು ಹಾಕಿದ್ದರು. ಬೋಳು ದಿಬ್ಬಕ್ಕೆ ಇಂಗ್ರಿಡಮ್ಮ ತನ್ನ ಕೈಯಾರೆ ಓಕ್ ಸಸಿಗಳನ್ನು ನೆಟ್ಟಿದ್ದಳು. ಆ ಸಸಿಗಳ ಚಿಗುರನ್ನು ಜಿಂಕೆಗಳು ತುದಿಯಿಂದ ಮುರಿದು ತಿನ್ನುತ್ತಿದ್ದವು.

"ಜಿಂಕೆಯದು ತಪ್ಪಲ್ಲ. ನಮ್ಮ ದಿಬ್ಬಕ್ಕೆ ತೋಳ ಬರುವುದಿಲ್ಲ, ಇನ್ನೇನೂ ಇಲ್ಲ. ನಾನೇ ತೋಳ ಆಗಬೇಕು" ಎಂದಳು. "ಈ ವರ್ಷ ಮೂರು ಹೊಡೆಯುತ್ತೇನೆಂದು ಊರವರಿಗೆ ಮಾತು ಕೊಟ್ಟಿದ್ದೆ. ಎರಡಾಯಿತು. ಮೂರನೆಯದಕ್ಕೆ ಈ ಮಂಡಿ ಬಿಡುತ್ತಿಲ್ಲ. ಹಳೆಯ ಅಟ್ಟಣೆಗೆ ಹದಿನಾರು ಮೆಟ್ಟಿಲು, ನನಗೆ ಐದು ಹತ್ತಿದರೆ ಹೆಚ್ಚು. ನೀವು ವಾಪಸ್ಸು ಹೊರಟ ಮೂರನೆಯ ದಿನ ಊರವರ ಸಭೆ. ಅಷ್ಟರೊಳಗೆ ಆಗದಿದ್ದರೆ ದಿಬ್ಬವನ್ನು ಪಟ್ಟಣದ ಒಬ್ಬ ವೈದ್ಯನಿಗೆ ಕೊಡುತ್ತಾರೆ. ಅಲ್ಲಿಗೆ ನನ್ನ ಕಥೆ ಮುಗಿಯಿತು."

ಅತ್ತುಕೊಂಡು ಹೇಳಲಿಲ್ಲ. ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿದಳು. ಆದರೆ ಹೇಳುವಾಗ ನಕ್ಷೆಯ ಮೇಲಿನ ಆ ದಿಬ್ಬವನ್ನು ಅಂಗೈಯಿಂದ ಸವರುತ್ತಲೇ ಇದ್ದಳು. ನನಗೆ ಸಂಕಟವಾಯಿತು.

ಐದು ಮೆಟ್ಟಿಲಿನ, ಇಬ್ಬರು ಕೂರುವ ಹೊಸ ಅಟ್ಟಣೆಯ ಮರ, ಮೊಳೆ ಎಲ್ಲ ಸಿದ್ಧವಿತ್ತು. ಕಟ್ಟುವ ಕೈ ಬೇಕಿತ್ತು. ಹಾಲೇಶ ನನ್ನ ಮುಖ ನೋಡಿದ.

"ಕೊಲ್ಲೋದು ಆಯಮ್ಮನ ಕೆಲಸ. ಏಣಿ ಕಟ್ಟಾಕೆ ನಮಗೇನ್ ದೋಷ ಬರತೈತ್ರಿ?" ಎಂದ.

ಈ ವಾದದಲ್ಲಿ ಎಲ್ಲೋ ತೂತಿದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೂ ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ, ದಿಬ್ಬ

ಇಂಗ್ರಿಡಮ್ಮ ಹೇಳಿದ ಮೊದಲ ಪಾಠ ಇದು: ಜಿಂಕೆಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಭಾರಿ. ಅಟ್ಟಣೆಯ ಮೇಲಿನ ಮನುಷ್ಯನ ವಾಸನೆ ಒಂದು ಸಲ ತಟ್ಟಿದರೆ ಸಾಕು, ಆ ಸಂಜೆ ಮುಗಿದ ಹಾಗೆ. ಆದ್ದರಿಂದ ಜಿಂಕೆ ಇರುವ ಕಡೆಯಿಂದ ನಮ್ಮ ಕಡೆಗೆ ಗಾಳಿ ಬೀಸಬೇಕು, ನಮ್ಮಿಂದ ಅದರ ಕಡೆಗಲ್ಲ.

"ಗಾಳಿ ನೋಡಿ ಜಾಗ ಹೇಳುತ್ತಿದ್ದವನು ನನ್ನ ಗಂಡ. ಗುಂಡು ನನ್ನದು. ಈಗ ಮರಗಳೂ ಇಲ್ಲ, ಅವನೂ ಇಲ್ಲ. ಮರ ಹೋದ ಮೇಲೆ ಈ ದಿಬ್ಬದ ಗಾಳಿ ನನಗೆ ಅರ್ಥವಾಗುತ್ತಿಲ್ಲ. ನೀವು ಗಾಳಿಯವರು, ನೀವೇ ಹೇಳಿ" ಎಂದಳು.

ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ದಿಬ್ಬದಿಂದ ಮೂರು ಕಿಲೋಮೀಟರ್ ಆಚೆ ಏಳು ಗಾಳಿಯಂತ್ರಗಳು ನಿಂತಿದ್ದವು. ಏಳಕ್ಕೆ ಏಳೂ ಪಶ್ಚಿಮಕ್ಕೆ ಮುಖ ಮಾಡಿದ್ದವು. ಅಂದರೆ ಗಾಳಿ ಪಶ್ಚಿಮದಿಂದ. ಜಿಂಕೆಗಳು ಹಗಲು ಮಲಗುವ ಮುಳ್ಳುಪೊದೆ ದಿಬ್ಬದ ಪಶ್ಚಿಮಕ್ಕೆ, ಇಳಿಜಾರಿನ ತಳಕ್ಕಿಂತ ಸ್ವಲ್ಪ ಮೇಲೆ. ಅದರ ಕೆಳಗೆ ಒಂದು ಕಾಲುವೆ. ಸಂಜೆ ಪೊದೆಯಿಂದ ಹೊರಟು ಸಸಿಗಳ ಕಡೆಗೆ ಮೇಲೆ ಬರುತ್ತವೆ. ಹಾಗಿದ್ದರೆ ಅಟ್ಟಣೆ ಪೂರ್ವಕ್ಕೆ, ದಿಬ್ಬದ ತಲೆಯ ಮೇಲೆ. ಗಾಳಿ ಪೊದೆಯಿಂದ ನಮ್ಮ ಕಡೆಗೆ. ಎರಡು ನಿಮಿಷದಲ್ಲಿ ತೀರ್ಪು ಕೊಟ್ಟು ಕಾಲಿನಿಂದ ಗುರುತು ಹಾಕಿದೆ. ಇಂಗ್ರಿಡಮ್ಮ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, ನನ್ನ ಮುಖ ನೋಡಿ, ಬೆರಳನ್ನು ಕೋಟಿಗೆ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆಯೇ ಮನೆಯ ಹಿತ್ತಲಲ್ಲಿ ಮರ ಜೋಡಿಸಿ ಸುತ್ತಿಗೆ ಎತ್ತಿದೆವು. ನಾಲ್ಕನೆಯ ಏಟಿಗೆ ಪಕ್ಕದ ಮನೆಯವರು ಬೇಲಿಯ ಮೇಲೆ ತಲೆ ಹಾಕಿದರು. ಆರನೆಯದಕ್ಕೆ ಎದುರು ಮನೆಯವರು. ಯಾರೂ ಬೈಯಲಿಲ್ಲ, ದನ ಸತ್ತ ಮನೆಗೆ ಬಂದವರ ಹಾಗೆ ನಮ್ಮನ್ನು ನೋಡಿದರು. ಭಾನುವಾರ ಆ ದೇಶದಲ್ಲಿ ಸದ್ದು ಮಾಡಬಾರದಂತೆ. ಬಟ್ಟೆ ಒಗೆಯುವ ಯಂತ್ರಕ್ಕೂ ಯೋಚಿಸುತ್ತಾರೆ. ನಮ್ಮೂರಿನಲ್ಲಿ ಭಾನುವಾರ ಮೈಕು ಕಟ್ಟದಿದ್ದರೆ ಊರಿಗೇನೋ ಆಗಿದೆ ಎಂದು ವಿಚಾರಿಸಿಕೊಂಡು ಬರುತ್ತಾರೆ.

ಮಂಗಳವಾರದ ಪೂಜೆ

ಸೋಮವಾರ, ಮಂಗಳವಾರ ತರಬೇತಿ ಮುಗಿದ ಮೇಲೆ ಕಟ್ಟಿದೆವು. ಕೆಲಸ ಚೆನ್ನಾಗಿ ಬಂತು. ಬೇರೆಯವರ ಅಟ್ಟಣೆಗಳು ಕೂತರೆ ಕಿರುಗುಟ್ಟುತ್ತವೆ, ನಮ್ಮದು ಕಲ್ಲಿನ ಕಟ್ಟೆಯ ಹಾಗೆ ನಿಂತಿತು. ಇಂಗ್ರಿಡಮ್ಮ ಮಂಡಿಯ ವ್ಯಾಯಾಮಕ್ಕೆ ಪಟ್ಟಣಕ್ಕೆ ಹೋಗಿದ್ದಳು, ಸಂಜೆಗೆ ನೇರವಾಗಿ ದಿಬ್ಬಕ್ಕೇ ಬರುವವಳು. ಆಗ ನಾವು ಮಾಡಿದ ಕೆಲಸವನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಯಾರಾದರೂ ಮಾಡುತ್ತಿದ್ದರು.

ಹೊಸದಾಗಿ ಏನು ಮಾಡಿದರೂ ಪೂಜೆ ಮಾಡದೆ ಬಳಸುವವರು ಉಂಟೇ? ಬೈಕಾಗಲಿ, ಬೋರ್‌ವೆಲ್ಲಾಗಲಿ, ಹಿಟ್ಟಿನ ಗಿರಣಿಯಾಗಲಿ. ಹಾಲೇಶ ಪೇಟೆಯಿಂದ ನಿಂಬೆಹಣ್ಣು ತಂದಿದ್ದ, ಅವನ ಚೀಲದಲ್ಲಿ ಕುಂಕುಮವೂ ಗಂಧದ ಊದುಬತ್ತಿಯೂ ಇದ್ದವು. ನಾನು ಮುಂದಿನ ಹಲಗೆಗೆ ಮೂರು ಬೆರಳಿನ ವಿಭೂತಿ ಎಳೆದೆ. ನಿಂಬೆಹಣ್ಣು ಹೋಳು ಮಾಡಿ ಕುಂಕುಮ ಸವರಿ ಏಣಿಯ ಎರಡು ಕಾಲಿಗೆ ಇಟ್ಟೆವು. ಆಸನದ ಸಂದಿಗೆ ಒಂದು ಕಟ್ಟು ಊದುಬತ್ತಿ ಚುಚ್ಚಿ ಹಚ್ಚಿದೆವು. ಅಜ್ಜಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಯಾವುದಕ್ಕಾಗಿ ಪೂಜೆ ಮಾಡುತ್ತಿದ್ದೇನೆ ಎಂಬುದು ಆ ಕ್ಷಣ ತಲೆಗೆ ಹೊಳೆಯಲೇ ಇಲ್ಲ.

ಇಂಗ್ರಿಡಮ್ಮ ಬಂದೂಕು ಹೆಗಲಿಗೆ ಹಾಕಿಕೊಂಡು ಬಂದವಳು ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಳು. ಮೂಗು ಎತ್ತಿ ಗಾಳಿ ಎಳೆದಳು.

"ಇದೇನು?"

ಹೇಳಿದೆವು. ಆಕೆ ಏಣಿಯ ಬುಡಕ್ಕೆ ಬಂದು ನಿಂಬೆಹೋಳು ನೋಡಿದಳು, ವಿಭೂತಿ ನೋಡಿದಳು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ.

"ಬರುತ್ತಿದ್ದೇನೆಂದು ಜಿಂಕೆಗೆ ನಾನು ಕಾಗದ ಬರೆದಿದ್ದರೂ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ" ಎಂದಳು. ಆಮೇಲೆ ಕೋಲಿನ ಮೇಲೆ ಭಾರ ಹಾಕಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ಮುಗಿದ ಮೇಲೆ ಬೆರಳು ಮಡಚಿ ಎಣಿಸಿದಳು. ವಾಸನೆ ಹೋಗಲು ಮೂರು ದಿನ ಬೇಕು. ಸಭೆಗೆ ಹನ್ನೆರಡು ದಿನ ಉಳಿದಿತ್ತು. ನಮ್ಮ ಭಕ್ತಿಯಿಂದ ಆಕೆಯ ಮೂರು ಸಂಜೆ ಹಾಳಾಗಿದ್ದವು.

ಹಲಗೆ ಒರೆಸುತ್ತೇನೆ ಎಂದರೆ ಬೇಡ ಎಂದಳು. "ಇರಲಿ. ನನ್ನ ಗಂಡ ಕಟ್ಟಿದಾಗ ಬರೀ ಬಿಯರು ಕುಡಿಯುತ್ತಿದ್ದ."

ಬೊಗಳುವ ಜಿಂಕೆ

ಶುಕ್ರವಾರ ಸಂಜೆ ಆಕೆಯ ಜೊತೆ ಹಾಲೇಶ ಕೂತ. ಕಿರುಗುಟ್ಟದ ಅಟ್ಟಣೆ, ಗಾಳಿ ಪಶ್ಚಿಮ, ಎಲ್ಲ ಸರಿ. ಅರ್ಧ ಗಂಟೆ ಮಾತಿಲ್ಲದೆ ಕೂತದ್ದು ಅವನ ಜೀವಮಾನದಲ್ಲೇ ಮೊದಲು. ಕತ್ತಲಾಗುವ ಹೊತ್ತಿಗೆ ಅಭ್ಯಾಸಬಲದಿಂದ ಅಡಿಕೆ ಬಾಯಿಗೆ ಹಾಕಿ ಕಟಕ್ಕೆಂದು ಕಡಿದನಂತೆ. ಪೊದೆಯೊಳಗಿಂದ ನಾಯಿ ಬೊಗಳಿದಂತೆ ಸದ್ದು ಬಂತು.

ಆ ದೇಶದ ಚಿಕ್ಕ ಜಿಂಕೆ ಬೊಗಳುತ್ತದೆ. ಅಪಾಯ ತಿಳಿದರೆ ನಿಂತಲ್ಲೇ ನಿಂತು, ಒರಟಾಗಿ, ಊರಿಗೆಲ್ಲ ಕೇಳುವ ಹಾಗೆ. ನಮ್ಮ ಗುಡ್ಡದ ಕೊಂಡುಕುರಿಯಷ್ಟೇ, ಒಂದು ಆಡಿನಷ್ಟೇ ಗಾತ್ರದ ಆ ಪ್ರಾಣಿಯ ಗಂಟಲಲ್ಲಿ ಅಷ್ಟು ದೊಡ್ಡ ನಾಯಿ ಎಲ್ಲಿ ಅಡಗಿದೆಯೋ ಗೊತ್ತಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು, ಹೇಳಿಬಿಡುತ್ತೇನೆ. ಅದು ಬದುಕಿತು, ತಪ್ಪು ಅಡಿಕೆಯದು ಎಂದುಕೊಂಡೆ.

ಶನಿವಾರ ನಾನು ಕೂತೆ. ಅಡಿಕೆ ಇಲ್ಲ, ಕೆಮ್ಮು ಇಲ್ಲ, ಅಲುಗಾಟ ಇಲ್ಲ. ದೂರದ ಯಂತ್ರಗಳು ಪಶ್ಚಿಮಕ್ಕೆ ಮುಖ ಮಾಡಿ ತಿರುಗುತ್ತಲೇ ಇದ್ದವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಪೊದೆಯೊಳಗಿಂದ ಅದೇ ಬೊಗಳು. ಭಾನುವಾರವೂ ಅದೇ. ಹೊರಗೆ ಒಂದು ಕಿವಿಯ ತುದಿಯೂ ಕಾಣಲಿಲ್ಲ.

ಇಂಗ್ರಿಡಮ್ಮ ಏಣಿ ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡಳು. ಮನೆಗೆ ಬಂದು ನಕ್ಷೆಯನ್ನು ಮಡಚಿ ಕಪಾಟಿನಲ್ಲಿ ಇಟ್ಟಳು. ಜಿಂಕೆ ಬದುಕಿದ್ದಕ್ಕೆ ಖುಷಿಪಟ್ಟವನೂ ನಾನೇ, ತಪ್ಪು ಜಾಗ ತೋರಿಸಿ ಈ ಮುದುಕಿಯ ದಿಬ್ಬ ಕಳೆಯುತ್ತಿರುವವನೂ ನಾನೇ.

ಅವ್ವನ ಮೊರ

ಸೋಮವಾರ ಬೆಳಿಗ್ಗೆ ಎದ್ದವನೇ ಅವ್ವನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನವಾಗುತ್ತಿದ್ದ ಹೊತ್ತು. ನನ್ನ ಹೆಂಡತಿ ಹೊನ್ನಾಳಿಯ ತವರಿಗೆ ಹೋಗಿದ್ದರಿಂದ ಅವ್ವ ಒಬ್ಬಳೇ ಇದ್ದಳು, ಮಾತಿಗೆ ಜನ ಸಿಕ್ಕಿತೆಂದು ಹಿಗ್ಗಿದಳು. ರೊಟ್ಟಿ ಮುಗಿದವಾ, ಚಳಿ ಹೆಂಗೈತೆ ಎಲ್ಲ ಆದ ಮೇಲೆ ನಾನು ಮೆಲ್ಲಗೆ ಕೇಳಿದೆ. ಇಲ್ಲೊಬ್ಬ ಅಜ್ಜಿ ಸಸಿ ಹಾಕಿದ್ದಾಳೆ, ಜಿಂಕೆ ಮೇಯುತ್ತವೆ, ಅಟ್ಟಣೆ ಕಟ್ಟಿದ್ದೇವೆ. ಗಾಳಿ ನೋಡಿಯೇ ಕಟ್ಟಿದರೂ ಸಂಜೆ ನಮ್ಮ ವಾಸನೆ ಜಿಂಕೆಗೆ ಹೊಡೆಯುತ್ತಿದೆ, ಯಾಕೆ?

ಅಟ್ಟಣೆ ಯಾಕೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ನಮ್ಮ ಕಡೆಯ ಹಾಗೆ ಓಡಿಸಲಿಕ್ಕೆ ಎಂದುಕೊಳ್ಳಲಿ ಎಂದು ಬಿಟ್ಟೆ.

"ಅಟ್ಟಣೆ ಎಲ್ಲೈತೆ, ದಿನ್ನೆ ಮ್ಯಾಲಾ ತಗ್ಗಿನಾಗಾ?" ಎಂದಳು.

"ದಿನ್ನೆ ಮ್ಯಾಲೆ ಅವ್ವ. ಗಾಳಿ ಪಡುವಣದಿಂದ ಬರತೈತೆ. ಫ್ಯಾನೆಲ್ಲ ಅತ್ಲಾಗೇ ಮುಖ ಮಾಡ್ಯಾವು."

"ಫ್ಯಾನಿಗೆ ಸಿಗೋದು ಮುಗಿಲ ಗಾಳಿ. ನನ್ನ ಮೊರಕ್ಕೆ ಸಿಗೋದು ನೆಲದ ಗಾಳಿ. ಎರಡೂ ಬ್ಯಾರೆ ಕಣಪ್ಪ. ಹೊತ್ತು ಮುಳುಗಿದ ಮ್ಯಾಲೆ ಕಣದಾಗೆ ಯಾವತ್ತಾರ ತೂರಿದ್ದು ನೋಡಿಯಾ? ಆವಾಗ ಗಾಳಿ ನೀರು ಇದ್ದಂಗೆ. ತಣ್ಣಗಾಗಿ ಸುಮ್ಮನೆ ತಗ್ಗಿಗೆ ಹರೀತೈತೆ. ನಮ್ಮ ಕಣದ ಹೊಟ್ಟೆಲ್ಲ ಸಂಜೀಕೆ ಕೆರೆ ಕಡೆಗೇ ಹೋಗಾಕಿಲ್ವಾ? ಮೊದಲು ಅಲ್ಲಿ ಮರ ಇದ್ವಾ?"

"ಇದ್ವು. ಕಡಿದಾರೆ."

"ಮತ್ತೆ ಇನ್ನೇನು. ತಡೆಯೋರೇ ಇಲ್ಲ. ತಗ್ಗಿಗೆ ಇಳಿಸು."

ಹದಿನಾಲ್ಕು ವರ್ಷ ಎಂಬತ್ತು ಮೀಟರ್ ಎತ್ತರದಲ್ಲಿ ಗಾಳಿ ಅಳೆದವನಿಗೆ ಕಣ್ಣ ಮುಂದಿನ ಕಣ ಕಂಡಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ನಾಲಿಗೆಯ ತುದಿಯಲ್ಲಿ ಆಡುತ್ತೇವೆ. ನಿಜವಾಗಿ ತೂರಿದವಳು ಅವಳು.

ಆ ಸಂಜೆ ದಿಬ್ಬದ ಮೇಲೆ ನಿಂತು ನೋಡಬೇಕಿತ್ತು. ಇಂಗ್ರಿಡಮ್ಮನ ಒದ್ದೆ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ, ಗಾಳಿ ಅಷ್ಟು ಮೆಲ್ಲಗಿತ್ತು. ಹಗುರವಾದ ಪುಡಿ ಬೇಕಿತ್ತು, ನನ್ನ ಹತ್ತಿರ ಇದ್ದದ್ದು ವಿಭೂತಿ. ಸ್ವಲ್ಪ ಹೊತ್ತು ಕೈ ಬರಲಿಲ್ಲ. ಹಣೆಗೆ ಹಚ್ಚುವುದನ್ನು ಇಂಥ ಕೆಲಸಕ್ಕೆ ಬಳಸುವುದೇ ಎಂದು. ಕೊನೆಗೆ ಶಿವನೇ, ನೀನೂ ಒಂದು ಕಾಲಕ್ಕೆ ಬೇಡನ ವೇಷ ಹಾಕಿದವನೇ ಎಂದು ನೆಪ ಹೇಳಿಕೊಂಡು ಗಟ್ಟಿಯನ್ನು ಉಜ್ಜಿ ಒಂದು ಚಿಟಿಕೆ ಬಿಟ್ಟೆ. ಪುಡಿ ನೇರ ಕೆಳಗೆ ಬೀಳಲಿಲ್ಲ, ಮೇಲೂ ಹಾರಲಿಲ್ಲ. ಮೊಣಕಾಲಿನ ಎತ್ತರದಲ್ಲಿ ತೇಲಿ, ಇಳಿಜಾರು ಹಿಡಿದು, ನೆಟ್ಟಗೆ ಆ ಪೊದೆಯ ಕಡೆಗೆ ನಡೆಯಿತು. ಆಚೆ ಏಳು ಯಂತ್ರಗಳು ಪಶ್ಚಿಮಕ್ಕೆ ಮುಖ ಮಾಡಿ ತಿರುಗುತ್ತಲೇ ಇದ್ದವು.

ಇಂಗ್ರಿಡಮ್ಮ ಅದನ್ನು ಕಣ್ಣಿಟ್ಟು ನೋಡಿದಳು. "ನಿನಗೆ ಯಾರು ಹೇಳಿದರು?"

"ನನ್ನ ಅಮ್ಮ."

"ಬೇಟೆಗಾತಿಯೇ?"

ಇಲ್ಲ ಎಂದೆ. ಇರುವೆ ಕಂಡರೆ ಕಾಲು ಎತ್ತಿಡುವವಳು ಎಂದು ಹೇಳಲು ಬಾಯಿ ಬರಲಿಲ್ಲ.

ಬುಧವಾರ

ಮಂಗಳವಾರ ಅಟ್ಟಣೆಯನ್ನು ಬಿಚ್ಚಿ, ಹೊತ್ತು, ಪೊದೆಗಿಂತ ಕೆಳಗೆ, ಕಾಲುವೆಯ ಪಕ್ಕದ ಸಮತಟ್ಟಿನಲ್ಲಿ ನಿಲ್ಲಿಸಿದೆವು. ದಾರಿಗೂ ಹತ್ತಿರವಾಯಿತು, ಮಂಡಿಗೂ ಸುಲಭ. ಅಲ್ಲಿಂದ ಗುಂಡು ಹಾರಿಸಿದರೆ ಹಿಂದೆ ದಿಬ್ಬದ ಮಣ್ಣೇ ಇರುವುದರಿಂದ ಅಪಾಯವೂ ಇಲ್ಲ ಎಂದು ಇಂಗ್ರಿಡಮ್ಮ ಮೆಚ್ಚಿದಳು. ಈ ಸಲ ಪೂಜೆ ಮಾಡಲಿಲ್ಲ. ಹಾಲೇಶ ಮಾತ್ರ ದೂರದಿಂದ ಕೈಮುಗಿದ.

ಗುರುವಾರ ನಮಗೆ ವಿಮಾನ. ಏಣಿ ಇಳಿಯಲು ನಮ್ಮ ಹೆಗಲು ಬೇಕಾದ ಆಕೆಗೂ ಬುಧವಾರ ಸಂಜೆಯೇ ಕೊನೆಯದು.

"ನೋಡಲಾಗದಿದ್ದರೆ ಮನೆಯಲ್ಲಿರು, ನಾನೇನೂ ಅಂದುಕೊಳ್ಳುವುದಿಲ್ಲ" ಎಂದಳು ಆಕೆ. ಜಾಗ ತೋರಿಸಿ ಆಮೇಲೆ ಮುಖ ಮುಚ್ಚಿಕೊಳ್ಳುವುದು ಸರಿಯಲ್ಲ ಎನ್ನಿಸಿ ನಾನೂ ಹತ್ತಿದೆ.

ಸೂರ್ಯ ಇಳಿದ. ಕೆನ್ನೆಗೆ ತಣ್ಣಗೆ ಗಾಳಿ ತಾಗತೊಡಗಿತು, ಮೇಲಿನಿಂದ, ಪೊದೆಯ ಕಡೆಯಿಂದ. ಅದರಲ್ಲಿ ಒದ್ದೆ ಎಲೆಯ ವಾಸನೆ, ಅದರ ಹಿಂದೆ ಕುರಿಹಟ್ಟಿಯನ್ನು ನೆನಪಿಸುವ ಮತ್ತೊಂದು ಸಣ್ಣ ವಾಸನೆ. ಈಗ ಅವುಗಳ ವಾಸನೆ ನಮಗೆ ಬರುತ್ತಿತ್ತು. ಪೊದೆ ಅಲುಗಿತು. ಒಂದು ಹೆಣ್ಣು ಜಿಂಕೆ ಹೊರಗೆ ಬಂತು. ಬೊಗಳಲಿಲ್ಲ. ನಮ್ಮ ಕಡೆಗೇ ಒಮ್ಮೆ ನೋಡಿ, ತಿಳಿಯದೆ, ತಲೆ ತಗ್ಗಿಸಿ ಸಸಿಗೆ ಬಾಯಿ ಹಾಕಿತು.

ನನ್ನ ಗಂಟಲು ಕೆರೆಯಿತು. ಚಳಿಗೋ, ಬೇರೆ ಯಾವುದಕ್ಕೋ. ಒಂದು ಸಲ ಕೆಮ್ಮಿದ್ದರೆ ಅದು ಬದುಕುತ್ತಿತ್ತು, ಇಂಗ್ರಿಡಮ್ಮನ ದಿಬ್ಬ ಹೋಗುತ್ತಿತ್ತು. ಆಕೆ ಬಂದೂಕು ಎತ್ತದೆ ಕಾಯುತ್ತಿದ್ದಳು. ಹಿಂದೆ ಮರಿ ಬರುತ್ತದೆಯೋ ಎಂದು ನೋಡಬೇಕು. ಮರಿಯಿದ್ದ ತಾಯಿಯನ್ನು ಹೊಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಮರಿ ಬರಲಿ ಎಂದು ನಾನು ಬೇಡಿಕೊಂಡೆ. ಬರಲಿಲ್ಲ. ಹಾಲೇಶ ಕೊಟ್ಟಿದ್ದ ಅಡಿಕೆ ಚೂರನ್ನು ಕಡಿಯದೆ ದವಡೆಯಲ್ಲಿಟ್ಟು ಎಂಜಲು ನುಂಗಿದೆ. ಕೆಮ್ಮಲಿಲ್ಲ.

ಗುಂಡು ಹಾರಿದಾಗ ಕಣ್ಣು ಮುಚ್ಚಿದ್ದೆ. ತೆರೆದಾಗ ಅದು ಬಿದ್ದಿತ್ತು, ಕಾಲು ಕೂಡ ಆಡಿಸಿರಲಿಲ್ಲ.

ಇಂಗ್ರಿಡಮ್ಮ ಹತ್ತು ನಿಮಿಷ ಅಲುಗದೆ ಕೂತಳು. ಆಮೇಲೆ ಇಳಿದು ನಡೆದಳು. ಟೋಪಿ ತೆಗೆದಳು. ಪಕ್ಕದ ಮರದಿಂದ ಒಂದು ಹಸಿರು ಟೊಂಗೆ ಮುರಿದು, ಆ ನೋಯುವ ಮಂಡಿಯನ್ನು ನೆಲಕ್ಕೂರಿ, ಸತ್ತ ಜಿಂಕೆಯ ಬಾಯಿಗೆ ಇಟ್ಟಳು. ಅದು ಅವರ ಪದ್ಧತಿ. ಕೊನೆಯ ತುತ್ತು ಎನ್ನುತ್ತಾರಂತೆ. ಏಳಲು ಆಗಲಿಲ್ಲ, ನಾನು ಹೋಗಿ ಎಬ್ಬಿಸಿದೆ.

ಜಗಳೂರು

ಬಂದ ಮೂರನೆಯ ದಿನ ಮೊಬೈಲಿಗೆ ಇಂಗ್ರಿಡಮ್ಮನ ಸಂದೇಶ ಬಂತು. ದಿಬ್ಬ ಆಕೆಗೇ ಉಳಿಯಿತು, ಇನ್ನೂ ಒಂಬತ್ತು ವರ್ಷ. "ಅಷ್ಟರಲ್ಲಿ ಸಸಿಗಳು ಜಿಂಕೆಯ ಬಾಯಿಗಿಂತ ಎತ್ತರ ಬೆಳೆದಿರುತ್ತವೆ. ನಿನ್ನ ಅಮ್ಮನಿಗೆ ನಮಸ್ಕಾರ ಹೇಳು" ಎಂದು ಬರೆದಿದ್ದಳು.

ಆ ನಮಸ್ಕಾರ ನನ್ನ ಹತ್ತಿರವೇ ಎರಡು ದಿನ ಉಳಿಯಿತು. ಯಾವುದಕ್ಕೆ ಎಂದು ಕೇಳಿದರೆ ಏನು ಹೇಳಲಿ? ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಆ ಅಟ್ಟಣೆ ಓಡಿಸಲಿಕ್ಕಲ್ಲ, ಕೊಲ್ಲಲಿಕ್ಕೆ, ನಿನಗೆ ಮುಚ್ಚಿಟ್ಟೆ, ನೀನು ಹೇಳಿದ ಜಾಗದಿಂದಲೇ ಒಂದು ಜೀವ ಹೋಯಿತು.

ಅವಳ ಮೊರ ನಿಂತಿತು.

"ಅದು ಅವತ್ತೇ ಗೊತ್ತಾತು ನಂಗೆ" ಎಂದಳು. "ಪ್ರಾಣಿ ಓಡಿಸೋರು ತಮ್ಮ ವಾಸನೆ ಮುಚ್ಚಿಡಾಕೆ ಯಾಕ್ ನೋಡ್ತಾರೆ? ವಾಸನೆ ಹೊಡೆದ್ರೆ ಒಳ್ಳೇದೇ ಅಲ್ವಾ?"

ಗೊತ್ತಿದ್ದೂ ಜಾಗ ಯಾಕೆ ಹೇಳಿಕೊಟ್ಟೆ ಎಂದು ಕೇಳಿದೆ.

"ಮುದುಕಿ ಕೈಯಾರೆ ಸಸಿ ಇಟ್ಟಾಳೆ ಅಂದ್ಯಲ್ಲ" ಎಂದಳು. ತೊಗರಿಯೊಳಗಿನ ಒಂದು ಕಲ್ಲು ಆರಿಸಿ ಎಸೆದಳು. "ಸಾಯೋವಾಗ ಅದರ ಬಾಯಿಗೆ ಏನಾರ ಇಟ್ಲಾ ಆಯಮ್ಮ?"

"ಇಟ್ಲು. ಹಸಿರು ಟೊಂಗೆ. ಮಂಡಿ ನೋವಿನಾಗೂ ಮೊಣಕಾಲೂರಿ ಕುಂತು ಇಟ್ಲು."

ಅವ್ವ ಮತ್ತೆ ಮೊರ ಕೈಗೆತ್ತಿಕೊಂಡಳು.

"ಹಂಗಾರೆ ಪಾಪ ಮೂರು ಪಾಲು ಆತು. ಹೊಡೆದಾಕೆದು ಒಂದು, ಕಟ್ಟಿದೋನ್ದು ಒಂದು, ಗಾಳಿ ಹೇಳ್ದಾಕೆದು ಒಂದು. ನೀನೊಬ್ಬನೇ ಹೊತ್ಕೊಂಡು ತಿರುಗಬ್ಯಾಡ. ಏಳು, ಉಣ್ಣಾಕೆ ಬಾ."